ಎಳ್ಳು ಹೊತ್ತ ಗೊದ್ದಗಳು

ಸೂಜಿಬರೆ ಬೆಟ್ಟದ ಹೊಟ್ಟೆಯೊಳಗೆ ಇರುವೆಯೊಂದು ನಡೆಯುವ ಸದ್ದು ಮೊದಲ ಸಲ ಕೇಳಿಸಿದಾಗ, ನಿಯಂತ್ರಣ ಕೊಠಡಿಯಲ್ಲಿದ್ದವರೆಲ್ಲ ಕೈಯಲ್ಲಿದ್ದ ಚಹಾ ಲೋಟವನ್ನು ಹಿಡಿದಂತೆಯೇ ನಿಂತುಬಿಟ್ಟರು.

ಟಿಕ್.

ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟಿಕ್. ಆಮೇಲೆ ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ಒಂದರ ಬೆನ್ನಿಗೊಂದು ಟಿಕ್ ಟಿಕ್ ಟಿಕ್!

"ಬಂತು! ಬಂತ್ರೀ ಮೇಡಮ್ಮಾರ!" ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡಿದ್ದ ಮೆಹಬೂಬ ನದಾಫ ಕುರ್ಚಿಯಿಂದ ಅರ್ಧ ಎದ್ದ. ಬೆಟ್ಟದ ಮೈಗೆ ಕಿವಿಗೊಟ್ಟು ಕೂರುವುದೇ ಅವನ ಉದ್ಯೋಗ. "ಬಿರುಕಿನಾಗ ಇಳಿಯಾಕ ಹತ್ತೇತಿ. ಭೂಕಂಪ ಕೇಳೀನಿ, ಬಾಂಬ್ ಕೇಳೀನಿ, ಇರಿವಿ ನಡಿಯೂದು ಕೇಳತೀನಂತ ಕನಸಿನಾಗೂ ಅಂದಿರಲಿಲ್ಲ ನೋಡ್ರಿ!"

ಇರುವೆಗಳ ವಿಜ್ಞಾನಿ ಅಹಲ್ಯಾ ಗಾಂವ್ಕರ್ ಮುಂದಕ್ಕೆ ಬಾಗಿ ಕೂತಳು. ಅವಳ ಕಣ್ಣು ಎದುರಿನ ಪರದೆಗೆ ಅಂಟಿತ್ತು. ಬೂದುಬಣ್ಣದ ಬೆಟ್ಟದ ಚಿತ್ರದ ನೆತ್ತಿಯಲ್ಲಿ ಒಂದು ಹಸಿರು ಚುಕ್ಕೆ ಹುಟ್ಟಿ ಕೆಳಗೆ ತೆವಳುತ್ತಿತ್ತು. ನೋಡುತ್ತಿದ್ದಂತೆ ಅದರ ಹಿಂದೆ ಇನ್ನೊಂದು, ಮತ್ತೊಂದು. ವರ್ಷಗಟ್ಟಲೆ ಕಾಡು ಅಲೆದು ಹುಡುಕಿದ ತನ್ನ ಇರುವೆಗಳು, ಮನುಷ್ಯರಾರೂ ನುಗ್ಗಲಾರದ ಕಲ್ಲಿನ ಸೀಳುಗಳಲ್ಲಿ ಮನುಷ್ಯರನ್ನು ಹುಡುಕಲು ಹೊರಟಿದ್ದವು. ಅವಳ ಎದೆ ಹೊಡೆದುಕೊಳ್ಳುತ್ತಿದ್ದ ರಭಸಕ್ಕೆ ನದಾಫನ ಯಂತ್ರ ಅದನ್ನೂ ಎಲ್ಲಿ ಕೇಳಿಸಿಕೊಂಡುಬಿಡುವುದೋ ಎನಿಸಿತು.

ಘಟ್ಟವನ್ನು ಕೊರೆದು ರೈಲು ಹಾಯಿಸುವ ಸುರಂಗದ ಮಾಡು ಎರಡು ದಿನದ ಹಿಂದೆ ನಡುಮಧ್ಯದಲ್ಲಿ ಕುಸಿದಿತ್ತು. ಸಿಡಿಮದ್ದು ಇಡುವ ದುರುಗಪ್ಪ ಮತ್ತು ಅವನ ಇಬ್ಬರು ಜೊತೆಗಾರರು ಆಚೆ ಬದಿಯಲ್ಲಿ ಉಳಿದಿದ್ದರು. ಕುಸಿತದಾಚೆ ಎರಡು ಟೊಳ್ಳುಗಳು ಮಾತ್ರ ಉಳಿದಿರಬಹುದೆಂಬುದು ಎಂಜಿನಿಯರರ ಲೆಕ್ಕ: ಯಂತ್ರಗಳನ್ನು ನಿಲ್ಲಿಸುತ್ತಿದ್ದ ದೊಡ್ಡ ಕೋಣೆ ಒಂದು, ನೀರು ಹರಿಸಲು ಪಕ್ಕಕ್ಕೆ ಕೊರೆದಿದ್ದ ಇಕ್ಕಟ್ಟಾದ ಮೋರಿ ಇನ್ನೊಂದು. ಮೇಲಿನಿಂದ ಆಳು ಇಳಿಯುವಷ್ಟು ಅಗಲದ ಬಾವಿ ಕೊರೆಯಬಲ್ಲ ಯಂತ್ರ ಒಂದೇ ಇತ್ತು. ಅದು ಒಂದು ಬಾವಿಯನ್ನು ಮುಗಿಸುವಷ್ಟರಲ್ಲಿ ಒಸರುವ ನೀರು ಎರಡೂ ಟೊಳ್ಳುಗಳ ಸೂರಿನ ಸನಿಹಕ್ಕೆ ಏರಲಿತ್ತು. ಎರಡನೆಯ ಬಾವಿಗೆ ಅವಕಾಶವಿರಲಿಲ್ಲ. ಒಳಗಿನವರು ಕಲ್ಲು ಕುಟ್ಟಿ ಸದ್ದು ಮಾಡುತ್ತಿರಬಹುದು. ಆದರೆ ಸಡಿಲಗೊಂಡ ಮಣ್ಣು ಅದನ್ನು ನುಂಗುತ್ತಿತ್ತು, ನುಂಗದೆ ಬಿಟ್ಟದ್ದನ್ನು ಪಂಪುಗಳ ಗುಡುಗು ಮುಚ್ಚುತ್ತಿತ್ತು. ಪಂಪು ನಿಲ್ಲಿಸಿದರೆ ನೀರು ಏರುತ್ತಿತ್ತು.

ಆಗ ಅಹಲ್ಯಾ ತಾನಾಗಿಯೇ ಹೋಗಿ ಕರ್ನಲ್ ಮಂದಣ್ಣನವರ ಮುಂದೆ ನಿಂತು, "ನನ್ನ ಗೊದ್ದಗಳನ್ನು ಕಳಿಸ್ತೇನೆ" ಎಂದಿದ್ದಳು. ಸೈನ್ಯದ ಎಂಜಿನಿಯರ್ ದಳದಿಂದ ನಿವೃತ್ತರಾಗಿ ಈಗ ರಕ್ಷಣಾ ಕಾರ್ಯದ ಹೊಣೆ ಹೊತ್ತಿದ್ದ ಆ ಮನುಷ್ಯ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಬೇರೆ ದಿನ ಆಗಿದ್ರೆ ನಗ್ತಿದ್ದೆ ಡಾಕ್ಟರ್," ಎಂದಿದ್ದರು. "ಇವತ್ತು ನನ್ನ ಹತ್ರ ನಗೋದಕ್ಕೂ ಟೈಮಿಲ್ಲ. ಕಳಿಸಿ."

ಅವಳ ಗೊದ್ದ, ಎಂದರೆ ಆ ದೊಡ್ಡಿರುವೆ, ಅಂಗಳದಲ್ಲಿ ಸಕ್ಕರೆಗೆ ಸಾಲುಗಟ್ಟುವ ಜಾತಿಯದಲ್ಲ. ಕಿರುಬೆರಳಿನ ತುದಿಗೆಣ್ಣಿನಷ್ಟು ಉದ್ದ. ತುಕ್ಕು ಹಿಡಿದ ಕಬ್ಬಿಣದ ಬಣ್ಣದ ಮೈ, ಅದಕ್ಕಿಂತ ಗಾಢವಾದ ಹೊಟ್ಟೆ, ಹಳದಿಗೆ ತಿರುಗಿದ ಸಪೂರ ಕಾಲುಗಳು. ಮುಖದ ಮುಂದೆ ಇಕ್ಕಳದಂತೆ ಚಾಚಿ, ತುದಿಯಲ್ಲಿ ಮೇಲಕ್ಕೆ ಬಾಗಿದ ಎರಡು ದವಡೆಗಳು. ಎಲ್ಲಕ್ಕಿಂತ ಮಿಗಿಲಾದದ್ದು ಅದರ ಕಣ್ಣು. ತಲೆಯ ಮುಂಭಾಗವನ್ನೆಲ್ಲ ತಾನೇ ಆಳುವ, ನಿಮ್ಮತ್ತ ಹೊರಳಿದರೆ ನಿಮ್ಮನ್ನು ಅಳೆಯುತ್ತಿದೆಯೇನೋ ಎನಿಸುವ ದೊಡ್ಡ ಕಪ್ಪು ಕಣ್ಣು. ಬೇರೆ ಇರುವೆಗಳು ಮೂಸಿ ಬದುಕಿದರೆ ಇದು ನೋಡಿ ಬದುಕುತ್ತದೆ. ಬೇಟೆಗೆ ಒಂಟಿಯಾಗಿ ಹೊರಡುತ್ತದೆ. ಏನಾದರೂ ಅಲುಗಿದ್ದು ಕಂಡರೆ ಮೈಯುದ್ದದ ನಾಲ್ಕೈದು ಪಟ್ಟು ದೂರ ಚಿಮ್ಮಿ ಕಚ್ಚಿ ಹಿಡಿಯುತ್ತದೆ. ಆ ಜಿಗಿತಕ್ಕಾಗಿಯೇ ಅಹಲ್ಯಾ ಅದನ್ನು ಜಿಗಿಗೊದ್ದ ಎಂದು ಕರೆಯುತ್ತಿದ್ದಳು. ದಕ್ಷಿಣದ ಬೆಟ್ಟಗಳ ಬುಡದಿಂದ ಸಿಂಹಳದವರೆಗೆ ಹಬ್ಬಿದ್ದ ಅದರ ನೆಲೆ, ನಮ್ಮ ಈ ಕಥೆಯ ಕಾಲಕ್ಕೆ, ಬಿಸಿಲು ಏರಿ ಕಾಡು ಕರಗಿ ಅಲ್ಲೊಂದು ಇಲ್ಲೊಂದು ಗುಡ್ಡಕ್ಕೆ ಕುಗ್ಗಿತ್ತು. ಅಹಲ್ಯಾಳ ನಕ್ಷೆಯಲ್ಲಿ ಚುಕ್ಕೆಗಳು ವರ್ಷದಿಂದ ವರ್ಷಕ್ಕೆ ಅಳಿಯುತ್ತಲೇ ಬಂದಿದ್ದವು. ಹೊಸದಾಗಿ ಮೂಡಿದ್ದು ಒಂದೇ ಚುಕ್ಕೆ: ಸೂಜಿಬರೆ.

ಗೊದ್ದದ ಬೆನ್ನಿಗೆ ಅವಳು ಅಂಟಿಸುತ್ತಿದ್ದ ಸಾಧನ ಕಪ್ಪು ಎಳ್ಳಿನಷ್ಟೇ ಇದ್ದುದರಿಂದ ಎಲ್ಲರೂ ಅದನ್ನು ಎಳ್ಳು ಎಂದೇ ಕರೆಯುತ್ತಿದ್ದರು. ಅದರೊಳಗೆ ಕೂದಲೆಳೆಯಂಥ ಹರಳು. ಇರುವೆ ಹೆಜ್ಜೆಯಿಟ್ಟಾಗ ಹರಳು ಬಾಗುತ್ತದೆ; ಬಾಗಿದಾಗ ಮನುಷ್ಯರ ಕಿವಿಗೆ ಎಟುಕದಷ್ಟು ಕೀರಲಾದ ಒಂದು ಮಿಡಿತವನ್ನು ಕಲ್ಲಿಗೆ ದಾಟಿಸುತ್ತದೆ. ಪಂಪಿನ ಗುಡುಗು ಅದನ್ನು ಮುಟ್ಟಲಾರದು. ಒಂದೊಂದು ಎಳ್ಳಿಗೂ ಒಂದೊಂದು ಸಂಖ್ಯೆ, ಒಂದೊಂದು ಸ್ವರ. ಬೆಟ್ಟದ ಮೇಲೆ ಅಲ್ಲಲ್ಲಿ ಬಡಿದ ಉಕ್ಕಿನ ಗೂಟಗಳು ಆ ಸ್ವರವನ್ನು ಹಿಡಿದು, ಕೊಠಡಿಯ ಸ್ಪೀಕರಿನಲ್ಲಿ ಟಿಕ್ ಎಂದು ಕೇಳಿಸಿ, ಯಾವ ಗೊದ್ದ ಎಲ್ಲಿದೆಯೆಂದು ಪರದೆಯ ಮೇಲೆ ತೋರಿಸುತ್ತಿದ್ದವು. ಬ್ಯಾಟರಿ ಇಲ್ಲ, ಇರುವೆಯ ನಡಿಗೆಯೇ ಅದರ ಜೀವ. ನಡಿಗೆ ನಿಂತರೆ ಎಳ್ಳೂ ಮೌನ.

ಗೂಡಿನ ಪೆಟ್ಟಿಗೆಯನ್ನು ಅವಳು ಕುಸಿತದಿಂದ ಬಾಯಿಬಿಟ್ಟಿದ್ದ ಬಿರುಕೊಂದರ ಮೇಲೆ ಕೂರಿಸಿ, ಬೆಳಕು ನುಸುಳದಂತೆ ಕಂಬಳಿ ಹೊದಿಸಿದ್ದಳು. ಕತ್ತಲಲ್ಲಿ ಸಿಕ್ಕಿದ ಜಿಗಿಗೊದ್ದಕ್ಕೆ ಬೆಳಕೇ ಬಾಗಿಲು. ಒಳಗಿನವರ ಬಳಿ ತಲೆದೀಪವೊಂದು ಉಳಿದಿದ್ದರೆ, ಅದರ ಮಿಣುಕು ಒಂದೇ ಒಂದು ಸೀಳಿನಿಂದ ಮೇಲೆ ಬಂದರೂ ಸಾಕು ಎಂಬುದು ಅವಳ ಆಸೆ.

ಮೊದಲಿಗೆ ಎಲ್ಲವೂ ಹುರುಪಿನಿಂದಲೇ ಸಾಗಿತು. ಚುಕ್ಕೆಗಳು ಬೆಟ್ಟದೊಳಗೆ ಕವಲೊಡೆದು ಹರಡಿದವು. ಅರ್ಧಕ್ಕರ್ಧ ದೊಡ್ಡ ಕೋಣೆಯನ್ನು ಹೊಕ್ಕು ಅಲ್ಲಿ ನಿರಾತಂಕವಾಗಿ ಸುತ್ತಾಡತೊಡಗಿದವು. ಉಳಿದವು ಮೋರಿಯ ಕಡೆಗೆ ಇಳಿದವು.

"ಯಾಕೋ ಹತ್ತೊಂಬತ್ತು ನಿಂತುಬಿಡ್ತಲ್ಲ," ಎಂದ ನದಾಫ.

ಮೋರಿಯೊಳಗೆ ಕಾಲಿಟ್ಟ ಚುಕ್ಕೆ ಆರಿಹೋಗಿತ್ತು. ಅದರ ಹಿಂದೆ ಹೋದದ್ದೂ ಆರಿತು. ಮೂರನೆಯದು ಆರದಿದ್ದರೂ ಮುಂದೆ ಸಾಗದೆ ಅಲ್ಲೇ ಗಿರಕಿ ಹೊಡೆಯತೊಡಗಿತು. ನಾಲ್ಕನೆಯದು, ಐದನೆಯದು ಆರಿದವು.

ಮಂದಣ್ಣ ಟೋಪಿ ತೆಗೆದು ಹಣೆ ಒರೆಸಿಕೊಂಡರು. "ಮೋರಿಯಲ್ಲಿ ವಿಷದ ಗಾಳಿ ತುಂಬಿದೆ. ಇರುವೆ ಬದುಕದ ಕಡೆ ಮನುಷ್ಯರು ಬದುಕಲ್ಲ. ದೊಡ್ಡ ಕೋಣೆಯಲ್ಲಿ ನಿಮ್ಮ ಗೊದ್ದಗಳು ಪೇಟೆ ಸುತ್ತೋ ಹಾಗೆ ಸುತ್ತುತ್ತಿವೆ. ಅಲ್ಲಿ ಗಾಳಿ ಇದೆ, ಜಾಗ ಇದೆ. ಓಡಿದ್ರೆ ಅವರು ಅಲ್ಲಿಗೇ ಓಡಿರ್ತಾರೆ." ಅವರು ಬಾಗಿಲ ಕಡೆ ತಿರುಗಿದರು. "ಯಂತ್ರವನ್ನ ದೊಡ್ಡ ಕೋಣೆಯ ನೆತ್ತಿಗೆ ಸಾಗಿಸಿ!"

ಅವರ ಲೆಕ್ಕ ಸರಿಯಾಗಿಯೇ ಇದೆ ಎನಿಸಿತು ಅಹಲ್ಯಾಗೆ. ಆದರೂ ಉಗುರಿನ ಸಂದಿಯ ಸಿಬಿರಿನಂತೆ ಏನೋ ಒಂದು ಚುಚ್ಚುತ್ತಿತ್ತು. "ಇನ್ನೊಂದು ಪೆಟ್ಟಿಗೆ ಗೂಡು ಶೆಡ್ಡಿನಲ್ಲಿದೆ, ತರ್ತೇನೆ," ಎಂದವಳೇ ಇಳಿಜಾರಿನಲ್ಲಿ ಓಡಿದಳು.

ಆ ಶೆಡ್ಡು ದುರುಗಪ್ಪನದೇ. ಕೆಲಸಗಾರರ ತಗಡಿನ ಮನೆಗಳ ಸಾಲಿನಲ್ಲಿ ಕೊನೆಯದು. ಮೂರು ತಿಂಗಳ ಹಿಂದೆ ಅಹಲ್ಯಾ ಬೆಟ್ಟಕ್ಕೆ ಬಂದಾಗ ಅವನ ಹೆಂಡತಿ ಹುಲಿಗೆಮ್ಮ ಅರ್ಧ ಶೆಡ್ಡನ್ನು ಅವಳಿಗೆ ಬಿಟ್ಟುಕೊಟ್ಟಿದ್ದಳು. ಒಂದು ಬದಿಗೆ ಒಲೆ, ಮಂಚ. ಇನ್ನೊಂದು ಬದಿಗೆ ಗಾಜಿನ ಪೆಟ್ಟಿಗೆ, ತಂತಿ, ಇರುವೆ. ಗುಡ್ಡವನ್ನೇ ಸಿಡಿಸುವ ದುರುಗಪ್ಪ ಇರುವೆ ಕಂಡರೆ ನಡುಗುತ್ತಿದ್ದ. ಮಂಚದ ಸುತ್ತ ದಿನಾ ಇರುವೆ ಸೀಮೆಸುಣ್ಣದಿಂದ ಗೆರೆ ಎಳೆದು, ಚಪ್ಪಲಿಯನ್ನು ತಲೆದಿಂಬಿನ ಕೆಳಗಿಟ್ಟು ಮಲಗುತ್ತಿದ್ದ. ಎಳ್ಳು ಹೊತ್ತ ಮೊದಲ ಗೊದ್ದವನ್ನು ಆ ಚಪ್ಪಲಿಯಿಂದಲೇ ಅಪ್ಪಳಿಸಿದ ದಿನ ಅಹಲ್ಯಾ ಅವನ ಮೇಲೆ ಉರಿದುಬಿದ್ದಿದ್ದಳು. ಆಮೇಲೆ ಮನಸ್ಸು ಕರಗಿ, ಜಜ್ಜಿಹೋದ ಇರುವೆಯ ಬೆನ್ನಿನಿಂದ ಎಳ್ಳನ್ನು ಕಿತ್ತು, ಉಗುರಿನಿಂದ ಒತ್ತಿದರೂ ಅದು ಮಿಡಿಯುವುದನ್ನು ತೋರಿಸಿದ್ದಳು. ದುರುಗಪ್ಪ ಆಟಿಕೆ ಸಿಕ್ಕಿದ ಮಗುವಿನಂತೆ ಅದನ್ನು ಒತ್ತಿ ಒತ್ತಿ ಅವಳ ಯಂತ್ರವನ್ನು ಹಾಡಿಸಿದ್ದ. "ಇರಿವಿ ಮೇಡಮ್ಮ, ಇದು ಚಲೋ ಐತಿ ನೋಡು. ಇರಿವಿ ಬ್ಯಾಡ, ಎಳ್ಳೊಂದ ಸಾಕು!"

ಈಗ ಒಲೆ ಹೊತ್ತಿರಲಿಲ್ಲ. ಹುಲಿಗೆಮ್ಮ ಇರುವೆ ಪೆಟ್ಟಿಗೆಯ ಮುಂದೆ ಕೂತು, ಎಂದಿನಂತೆ ಜೀರುಂಡೆಯ ಚೂರುಗಳನ್ನು ಒಳಗೆ ಹಾಕುತ್ತಿದ್ದಳು. ಕೈಗೆ ಏನಾದರೂ ಕೆಲಸ ಬೇಕಾಗಿತ್ತು, ಅಷ್ಟೆ.

"ಏನಂತಾವ ಯಕ್ಕಾ, ನಿನ್ನ ಇರಿವಿ?"

ಸುಳ್ಳು ಹೇಳಲು ಅಹಲ್ಯಾಗೆ ನಾಲಗೆ ಬರಲಿಲ್ಲ. "ದೊಡ್ಡ ಕೋಣೆಯಲ್ಲಿ ಸುತ್ತುತ್ತಾ ಇವೆ. ಮೋರಿಗೆ ಹೋದದ್ದು ಸಾಯ್ತಾ ಇವೆ. ಅದಕ್ಕೇ ದೊಡ್ಡ ಕೋಣೆಗೆ ಬಾವಿ ಕೊರೀತಾರಂತೆ."

"ಮೋರ್ಯಾಗ ಸಾಯಾಕತ್ಯಾವ?" ಹುಲಿಗೆಮ್ಮ ತಲೆ ಎತ್ತಿದಳು. ಅತ್ತು ಅತ್ತು ಬಾತಿದ್ದ ಮುಖದಲ್ಲಿ ವಿಚಿತ್ರವಾದ ನಗೆಯೊಂದು ಮೂಡಿ ಮುರಿಯಿತು. "ನನ ಗಂಡ ಇದ್ದಲ್ಲಿಗೆ ಇರಿವಿ ಹೋದ್ರ ಬದುಕತಾವೇನು? ಗುಡ್ಡ ಮೈಮ್ಯಾಲ ಬಿದ್ರೂ ಆ ಭಾಡ್ಯಾ ಮದಲ ಇರಿವಿ ಹೊಡದು, ಆಮ್ಯಾಲ ಗುಡ್ಡ ಸರಸಾಂವ!"

ಹೇಳಿದವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕೇಳಿದವಳು ಕಲ್ಲಾದಳು.

ಚುಕ್ಕೆಗಳು ಪಟ್ಟನೆ ಆರಿದ್ದವು. ಹೌದು, ಒಂದೂ ನಿಧಾನವಾಗಿ ಕುಂದಲಿಲ್ಲ! ಸಿಬಿರು ಯಾವುದೆಂದು ಈಗ ತಿಳಿಯಿತು.

"ಹುಲಿಗೆಮ್ಮಾ, ಏಳು! ಆ ಪೆಟ್ಟಿಗೆಯ ಒಂದು ತುದಿ ಹಿಡಿ. ಓಡು!"

ಇಬ್ಬರು ಹೆಂಗಸರು ಗಾಜಿನ ಪೆಟ್ಟಿಗೆ ಹೊತ್ತು ಏದುಸಿರು ಬಿಡುತ್ತ ಗುಡ್ಡ ಹತ್ತುವಷ್ಟರಲ್ಲಿ ಕೊರೆಯುವ ಯಂತ್ರ ದೊಡ್ಡ ಕೋಣೆಯ ನೆತ್ತಿಯನ್ನು ಮುಟ್ಟಿ, ತನ್ನ ಉಕ್ಕಿನ ಕಾಲುಗಳನ್ನು ಒಂದೊಂದಾಗಿ ನೆಲಕ್ಕೆ ಊರುತ್ತಿತ್ತು. ಬೆಟ್ಟವೇ ಅದುರುತ್ತಿತ್ತು.

"ಕರ್ನಲ್ ಸಾಹೇಬರೇ, ನಿಲ್ಲಿಸಿ! ಅದು ವಿಷದ ಗಾಳಿಯಲ್ಲ!"

"ಮತ್ತೇನು?"

"ಚಪ್ಪಲಿ!"

ಕೊಠಡಿಯಲ್ಲಿದ್ದವರು ಅವಳಿಗೆ ತಲೆ ಕೆಟ್ಟಿತೆಂದೇ ತಿಳಿದರು. ಅಹಲ್ಯಾ ಯಾರನ್ನೂ ಲೆಕ್ಕಿಸದೆ ನದಾಫನ ಭುಜ ಹಿಡಿದು, "ಹತ್ತೊಂಬತ್ತರ ಕೊನೆಯ ಹೆಜ್ಜೆಗಳನ್ನ ಹಾಕು. ದೊಡ್ಡದಾಗಿ ಹಾಕು," ಎಂದಳು.

ಟಿಕ್ ಟಿಕ್ ಟಿಕ್ ಟಿಕ್. ಒಂದು ಚಿಟಿಕೆಯಷ್ಟು ಮೌನ. ಟಿಕ್ ಟಿಕ್. ಆಮೇಲೆ ಏನೂ ಇಲ್ಲ.

"ಆ ನಡುವಿನ ಮೌನ ಕೇಳಿದ್ರಲ್ಲ? ಆಗ ಅದು ಗಾಳಿಯಲ್ಲಿತ್ತು. ಜಿಗೀತು! ಇಳಿದು ಎರಡು ಹೆಜ್ಜೆ ಇಟ್ಟಿತು, ಮುಗೀತು. ಮುಂದಿನದನ್ನ ಹಾಕು ಮೆಹಬೂಬ."

ಮುಂದಿನದೂ ಹಾಗೆಯೇ ಇತ್ತು. ಅದರ ಮುಂದಿನದೂ.

"ವಿಷದ ಗಾಳಿಗೆ ಇರುವೆ ತೂಗಾಡ್ತದೆ, ಕಾಲೆಳೀತದೆ, ಹೆಜ್ಜೆ ನಿಧಾನವಾಗ್ತದೆ. ಇವು ಒಂದೇ ಏಟಿಗೆ ಸತ್ತಿವೆ. ಜಿಗಿಗೊದ್ದ ಜಿಗಿಯೋದು ಅಲುಗೋದನ್ನ ಕಂಡಾಗ. ಕಾಣಬೇಕಾದರೆ ಬೆಳಕು ಬೇಕು. ದೊಡ್ಡ ಕೋಣೆಯಲ್ಲಿರೋವು ಸುಮ್ಮನೆ ಸುತ್ತುತ್ತಾ ಇವೆ, ಯಾಕಂದರೆ ಅಲ್ಲಿ ಕತ್ತಲೆ, ಏನೂ ಕಾಣೋದಿಲ್ಲ. ಮೋರಿಗೆ ಇಳಿದವು ದಾರ ಎಳೆದ ಹಾಗೆ ನೆಟ್ಟಗೆ ಇಳಿದಿವೆ ನೋಡಿ!"

ಮಂದಣ್ಣ ಪರದೆಯನ್ನೇ ನೋಡುತ್ತ ನಿಂತರು. ಅವರು ಹಟಮಾರಿಯಲ್ಲ, ಆದರೆ ಮೂರು ಜೀವಗಳ ಭಾರ ಅವರ ಹೆಗಲ ಮೇಲಿತ್ತು. "ಕಲ್ಲು ಉದುರಿದ್ರೂ ಇರುವೆ ಬೆದರಿ ಜಿಗೀಬಹುದು. ಮೇಲೆ ಇನ್ನೊಂದು ಕಲ್ಲು ಬಿದ್ದು ಸಾಯಬಹುದು. ಬೆಳಕು, ಚಪ್ಪಲಿ ಇವೆಲ್ಲ ನಿಮ್ಮ ಊಹೆ ಡಾಕ್ಟರ್. ಊಹೆ ತಪ್ಪಾದ್ರೆ?"

"ನಿಮ್ಮದು ತಪ್ಪಾದರೆ?"

ಅಧಿಕಾರಿಗಳನ್ನು ಹಾಗೆ ಯಾರೂ ಕೇಳುವುದಿಲ್ಲ. ನದಾಫ ತುಟಿ ಕಚ್ಚಿಕೊಂಡು ತಲೆ ತಗ್ಗಿಸಿದ. ಮಂದಣ್ಣ ಮಾತ್ರ ಸಿಟ್ಟಾಗಲಿಲ್ಲ. ಕಿಟಕಿಯಾಚೆ ಯಂತ್ರದ ಕೊನೆಯ ಕಾಲು ಇಳಿಯುವುದನ್ನು ತೋರಿಸಿ, "ಅದು ನೆಲ ಊರಿ ಮಟ್ಟ ನಿಲ್ಲೋವರೆಗೆ ಟೈಮ್ ಕೊಡ್ತೀನಿ. ಊಹೆ ಬೇಡ, ಗುರುತು ಬೇಕು," ಎಂದರು.

ಅಹಲ್ಯಾ ಎರಡನೆಯ ಗೂಡನ್ನು ಬಿರುಕಿನ ಬಾಯಿಗೆ ಒಡ್ಡಿದಳು. ಅವಳ ಕೈಯಲ್ಲಿ ಉಳಿದಿದ್ದ ಕೊನೆಯ ಗೊದ್ದಗಳು ಅವು. ಈ ಬೆಟ್ಟದ ಚುಕ್ಕೆ ನಕ್ಷೆಯಲ್ಲಿ ಉಳಿಯಬೇಕಾದರೆ ಈ ಗೂಡು ಉಳಿಯಬೇಕಿತ್ತು. ಮರಿಗಳನ್ನು ಸಾಕುವ ಒಂದಿಷ್ಟನ್ನು ಹಿಂದಿಟ್ಟುಕೊಂಡು, ಎಳ್ಳು ಹೊತ್ತ ಬೇಟೆಗಾರ್ತಿಯರನ್ನೆಲ್ಲ ಕತ್ತಲಿಗೆ ಬಿಟ್ಟಳು. ಓಡಿ ಬಂದು ಪರದೆಯ ಮುಂದೆ ನಿಂತಾಗ, ತಾನು ಸಾಕಿದ ಜೀವಗಳು ಸಾಯಲಿ, ಬೇಗ ಸಾಯಲಿ ಎಂದು ಹಾರೈಸುತ್ತಿರುವುದು ಅವಳಿಗೇ ಹೊಳೆಯಿತು.

ಚುಕ್ಕೆಗಳು ಇಳಿದವು. ಎಲ್ಲಿಯೂ ಅಂಕುಡೊಂಕಿಲ್ಲ, ಒಂದೇ ಎಳೆಯಾಗಿ ಮೋರಿಯತ್ತ!

"ಜಿಗೀತು," ಎಂದ ನದಾಫ. "...ಹೋತು."

ಇನ್ನೊಂದು ಜಿಗಿಯಿತು. ಆರಿತು.

"ಯಂತ್ರ ಮಟ್ಟ ನಿಂತಿದೆ ಸರ್!" ಹೊರಗಿನಿಂದ ಕೂಗು ಬಂತು. ಮಂದಣ್ಣ ಒಂದು ಕ್ಷಣ ಕಣ್ಣು ಮುಚ್ಚಿ ತೆರೆದರು. ಅವರ ಕೈ ಅಪ್ಪಣೆ ಕೊಡಲು ಮೆಲ್ಲಗೆ ಮೇಲೆದ್ದಿತು.

ಟಿಟಿಟಿಟಿಟಿಟಿಟಿ.

ಎತ್ತಿದ ಕೈ ಎತ್ತಿದಲ್ಲೇ ನಿಂತಿತು.

ಟಿಕ್. ಟಿಕ್.

"ಇದು ಯಾವುದು?" ಅಹಲ್ಯಾ ನದಾಫನತ್ತ ತಿರುಗಿದಳು.

"ಹತ್ತೊಂಬತ್ತು!" ನದಾಫನ ದನಿ ಕೀಚಲಾಯಿತು. "ಸತ್ತದ್ದರಿ ಅದು! ಆಗಳೇ ಸತ್ತದ್ದು! ಸತ್ತ ಇರಿವಿ ಹೆಂಗ ನಡೀತೈತಿ?"

ಟಿಟಿಟಿಟಿಟಿಟಿಟಿ. ಟಿಕ್. ಟಿಕ್.

ಬಾಗಿಲ ಬಳಿ ಗೋಡೆಗೊರಗಿ ಕೂತಿದ್ದ ಹುಲಿಗೆಮ್ಮ ಚೇಳು ಕುಟುಕಿದಂತೆ ನೆಗೆದು ನಿಂತಳು. "ಸೀಟಿ! ಯಪ್ಪಾ, ಅವನ ಸೀಟಿರೀ ಅದು! ಒಂದು ಉದ್ದಂದು, ಎರಡು ಗಿಡ್ಡನ್ನವು. ದಿನಾ ಆ ಸೀಟಿ ಕೇಳಿದ ಮ್ಯಾಲೇ ನಾನು ಒಲಿ ಹಚ್ಚಿ ರೊಟ್ಟಿ ತಟ್ಟಾಕ ಕುಂದರತಿದ್ದೆ!"

ಸುರಂಗದಲ್ಲಿ ದುಡಿದ ಯಾರಿಗೂ ಅದರ ಅರ್ಥ ಹೇಳಿಕೊಡಬೇಕಾಗಿರಲಿಲ್ಲ. ಮದ್ದು ಸಿಡಿದು ಹೊಗೆ ಇಳಿದ ಮೇಲೆ, ಸಿಡಿಮದ್ದಿನವನು ಎಲ್ಲರಿಗಿಂತ ಮೊದಲು ಒಳಗೆ ಹೋಗಿ ನೋಡಿ, ಅಪಾಯವಿಲ್ಲ ಎಂದು ಖಾತ್ರಿ ಮಾಡಿಕೊಂಡು ಊದುವ ಸೀಟಿ ಅದು. ಒಂದು ಉದ್ದ, ಎರಡು ಗಿಡ್ಡ: ನಾನಿಲ್ಲಿದ್ದೇನೆ, ಗಾಳಿ ಚೆನ್ನಾಗಿದೆ, ಒಳಗೆ ಬನ್ನಿ. ಇರುವೆಯನ್ನು ಅಪ್ಪಳಿಸಿದ ದುರುಗಪ್ಪನ ಬೆರಳಿಗೆ ಎಳ್ಳು ಸಿಕ್ಕಿತ್ತು. ಸಿಕ್ಕಿದ್ದು ಏನೆಂದು ಅವನಿಗೆ ತಿಳಿದಿತ್ತು; ಅದನ್ನು ಕಲ್ಲಿಗಿಟ್ಟು ಉಗುರಿನಿಂದ ಸೀಟಿಯ ತಾಳ ಒತ್ತುತ್ತಿದ್ದ.

"ಮೋರಿಗೆ!" ಮಂದಣ್ಣನವರ ಗರ್ಜನೆಗೆ ಕೊಠಡಿಯ ತಗಡು ನಡುಗಿತು. "ಯಂತ್ರ ಕೀಳಿ! ಮೋರಿಯ ನೆತ್ತಿಗೆ! ಓಡಿ!"

ಆಮೇಲೆ ಸೂಜಿಬರೆಯಲ್ಲಿ ನಡೆದದ್ದನ್ನು ಜಾತ್ರೆ ಎನ್ನಬೇಕೋ ಯುದ್ಧ ಎನ್ನಬೇಕೋ ತಿಳಿಯದು. ಅಡುಗೆಯವರು ಕೂಡ ಸೌಟು ಬಿಸುಟು ಬಂದು ಯಂತ್ರದ ಹಗ್ಗಕ್ಕೆ ಕೈಹಚ್ಚಿದರು. ಕೊರಳೆತ್ತಿದ ಉಕ್ಕಿನ ಬೈರಿಗೆ ಕಲ್ಲಿಗೆ ಹಲ್ಲೂರಿತು. ಅದು ಕೊರೆದಷ್ಟು ಹೊತ್ತೂ ನದಾಫ ಹೆಡ್‌ಫೋನ್ ಕಳಚಲಿಲ್ಲ. ನಡುನಡುವೆ "ಊದಾಕತ್ಯಾನ! ಇನ್ನೂ ಊದಾಕತ್ಯಾನ!" ಎಂದು ಅವನು ಕೂಗಿದಾಗಲೆಲ್ಲ ಇಡೀ ಬೆಟ್ಟ ಹೋ ಎನ್ನುತ್ತಿತ್ತು. ಪರದೆಯ ಮೇಲೆ, ಮೋರಿಯ ಮೂಲೆಯಲ್ಲಿ, ಮೊದಲ ತಂಡದ ಮೂರನೆಯ ಗೊದ್ದ ಮಾತ್ರ ಸಾಯದೆ ಒಂದೇ ಕಡೆ ಗಿರಕಿ ಹೊಡೆಯುತ್ತಿತ್ತು. ಅದು ಹೇಗೆ ತಪ್ಪಿಸಿಕೊಂಡಿತೆಂದು ಅಹಲ್ಯಾಗೆ ಅರ್ಥವಾಗಲಿಲ್ಲ.

ಬೈರಿಗೆ ಸೂರು ತೂತಾಗಿಸಿದಾಗ ಮೋರಿಯಲ್ಲಿ ನೀರು ಎದೆಮಟ್ಟಕ್ಕೆ ಬಂದಿತ್ತು. ಕಬ್ಬಿಣದ ತೊಟ್ಟಿಲು ಇಳಿಯಿತು. ಮೊದಲು ಜೊತೆಗಾರರಿಬ್ಬರು ಬಂದರು. ಕೊನೆಗೆ ದುರುಗಪ್ಪ ಬಂದ. ಮೈಯೆಲ್ಲ ಕೆಸರು, ತೋಳು ಕುತ್ತಿಗೆಯ ತುಂಬ ಕೆಂಪು ದದ್ದು. ಡಾಕ್ಟರರು ಅವನನ್ನು ಸ್ಟ್ರೆಚರ್ ಮೇಲೆ ಮಲಗಿಸಿ, "ಅಲುಗಬೇಡಿ, ಕಾಲಿಗೆ ಪೆಟ್ಟಾಗಿರಬಹುದು" ಎಂದರು.

"ಕಾಲು ಬಿಡ್ರಿ, ಮೈ ನೋಡ್ರಿ," ಎಂದು ಅವನು ನರಳಿದ. ಕಣ್ಣು ಅಹಲ್ಯಾಳನ್ನು ಹುಡುಕಿತು. "ಇರಿವಿ ಮೇಡಮ್ಮ, ಒಂದು ಮಾತು ಕೇಳತೀನಿ. ಗುಡ್ಡ ಬಿದ್ದು ಸಾಯಾಕತ್ತಾಂವನ ಮ್ಯಾಲ ಯಾರರೆ ಇರಿವಿ ಬಿಡತಾರೇನು?"

"ಎಷ್ಟು ಕೊಂದೆ?" ಎಂದಳು ಅಹಲ್ಯಾ. ನಗುವೋ ಅಳುವೋ, ಮಾತು ನೆಟ್ಟಗೆ ಹೊರಡಲಿಲ್ಲ.

"ಸಿಕ್ಕಷ್ಟೂ ಕೊಂದೆ. ಮೂರನೇದರ ಬೆನ್ನಮ್ಯಾಲ ಎಳ್ಳು ಕಂಡಾಗ ಗೊತ್ತಾತು, ನೀ ಕಳಿಸಿದ್ದಂತ; ಸತ್ತದ್ದರ ಎಳ್ಳು ಕೆಸರಾಗ ಹುಡುಕೂದ್ರಾಗ ಹೊತ್ತಾತು. ಆದ್ರೂ ಮೈಮ್ಯಾಲ ಜಿಗದ್ರ ಕೈ ಕೇಳಬೇಕಲ್ಲ, ತಾನ ಏಳತಿತ್ತು!" ಅವನು ಅಂಗಿಯ ಒಳಜೇಬಿಗೆ ಕೈಹಾಕಿ, ಬಹಳ ಎಚ್ಚರದಿಂದ, ತಂಬಾಕಿನ ಸಣ್ಣ ಡಬ್ಬಿಯೊಂದನ್ನು ಹೊರತೆಗೆದ. "ಒಂದನ್ನ ಮಾತ್ರ ಹಿಡದಿಟ್ಟೀನಿ. ತಂಬಾಕು ಚೆಲ್ಲಿ, ಒರಸಿ, ಒಳಗ ಬಿಟ್ಟು, ಕಲ್ಲಿನ ಸಂದ್ಯಾಗ ಇಟ್ಟಿದ್ದೆ. ನಿನ್ನ ನಕ್ಷೆದಾಗ ಒಂದರೆ ಉಳೀಲಿ ಅಂತ. ತಗೋ."

ಅಹಲ್ಯಾ ಕೈಚಾಚುವ ಮೊದಲೇ ಅವನು ಹೆಮ್ಮೆಯಿಂದ ಮುಚ್ಚಳ ತೆರೆದ. ಕತ್ತಲಲ್ಲಿ ಗಿರಕಿ ಹೊಡೆದು ಬೇಸತ್ತಿದ್ದ ಗೊದ್ದಕ್ಕೆ ಹಗಲಿನ ಬಾಗಿಲು ತೆರೆಯಿತು. ದೊಡ್ಡ ಕಣ್ಣುಗಳ ಮುಂದೆ ದುರುಗಪ್ಪನ ಮೀಸೆ ಅಲುಗಿತು.

ಅದು ಜಿಗಿಯಿತು.

ಸಾವಿನ ಬಾಯಿಂದ ಬಂದವನು ಸ್ಟ್ರೆಚರನ್ನು ಅತ್ತ ಒದ್ದು, ಕಂಬಳಿಯನ್ನು ಇತ್ತ ಎಸೆದು, "ಯವ್ವಾ!" ಎಂದು ಅರಚುತ್ತ ಇಳಿಜಾರಿನಲ್ಲಿ ಕಿತ್ತ ಓಟಕ್ಕೆ ಡಾಕ್ಟರರೂ ಕರ್ನಲ್ಲರೂ ಬಾಯಿಬಿಟ್ಟು ನಿಂತರು. ಗೊದ್ದ ಮೀಸೆಯಿಂದ ಕೆಳಕ್ಕೆ ನೆಗೆದು, ಬೆನ್ನ ಮೇಲಿನ ಎಳ್ಳನ್ನು ಹೊತ್ತು, ಯಾರ ಗೊಡವೆಯೂ ಇಲ್ಲದೆ ತನ್ನ ಗೂಡಿನ ಕಡೆ ನಡೆಯಿತು.

ಹುಲಿಗೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಸೊಂಟದ ಮೇಲೆ ಕೈಯಿಟ್ಟು, ಓಡುತ್ತಿದ್ದ ಗಂಡನನ್ನು ನೋಡಿದಳು.

"ಓಡತಾನ ನೋಡ್ರಿ ಹೆಂಗ!" ಎಂದು ಅವಳು ಬೆಟ್ಟಕ್ಕೆಲ್ಲ ಕೇಳುವಂತೆ ಕೂಗಿದಳು. "ಡಾಕ್ಟರಪ್ಪಾ, ಕಾಲು ನೆಟ್ಟಗದಾವ, ಬರಕೋರಿ! ನಾ ಒಲಿ ಹಚ್ಚತೀನಿ!"